ನಾರ್ತ್ ಟೆರೇಸಿನ ಆಲಿಫೆಂಟ್

ಅಡಿಲೇಡ್‌ನಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಆಲಿಫೆಂಟ್ ಎಂಬ ಹೆಸರು ಹೊಸದಲ್ಲ. ಪ್ರತಿ ವರ್ಷ ಆಲಿಫೆಂಟ್ ಸೈನ್ಸ್ ಅವಾರ್ಡ್ಸ್ ಬರುತ್ತದೆ. ಮಕ್ಕಳು ಪೋಸ್ಟರ್ ಅಥವಾ ಮಾಡೆಲ್ ಮಾಡುತ್ತಾರೆ. ಕೊನೆಯ ರಾತ್ರಿ ಅದನ್ನು ಅಂಟಿಸುವ ಕೆಲಸ ಮಾತ್ರ ಅಪ್ಪ ಅಮ್ಮನದು. ಆದರೆ ಆ ಹೆಸರಿನ ಮನುಷ್ಯ ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನನ್ನ ತಂಗಿ ಬಹಳ ದಿನ ಅದನ್ನು ಎಲಿಫೆಂಟ್ ಅವಾರ್ಡ್ ಎಂದೇ ತಿಳಿದು, ಆನೆಯ ಮೇಲೆ ಪ್ರಾಜೆಕ್ಟ್ ಮಾಡಬೇಕು ಎಂದುಕೊಂಡಿದ್ದಳು. ಈ ಸಂಚಿಕೆಗೆ ಒಬ್ಬ ದೊಡ್ಡವರ ಜೀವನ ಬರೆಯಿರಿ ಎಂದು ಟೀಚರ್ ಹೇಳಿದಾಗ ನನ್ನ ತರಗತಿಯವರು ವಿಶ್ವೇಶ್ವರಯ್ಯ, ಕುವೆಂಪು, ಕಿತ್ತೂರು ಚೆನ್ನಮ್ಮ ಎಂದು ಆರಿಸಿಕೊಂಡರು. ನಾನು ನಮ್ಮ ಈ ಊರಿನವರನ್ನೇ ಆರಿಸಿಕೊಂಡೆ.

ಮಾರ್ಕ್ ಆಲಿಫೆಂಟ್ ಹುಟ್ಟಿದ್ದು 1901ರ ಅಕ್ಟೋಬರ್ 8ರಂದು, ಅಡಿಲೇಡ್‌ನ ಕೆಂಟ್ ಟೌನ್‌ನಲ್ಲಿ. ಐದು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಸರ್ಕಾರಿ ನೌಕರರು, ತಾಯಿ ಚಿತ್ರಕಲೆ ಬಲ್ಲವರು. ಆಲಿಫೆಂಟ್ ಅವರಿಗೆ ಒಂದು ಕಿವಿ ಪೂರ್ತಿ ಕೇಳಿಸುತ್ತಿರಲಿಲ್ಲ, ಕಣ್ಣೂ ಮಂದ, ಕನ್ನಡಕವಿಲ್ಲದೆ ಆಗುತ್ತಿರಲಿಲ್ಲ. ಚಿಕ್ಕವರಿದ್ದಾಗ ಒಮ್ಮೆ ಫಾರಂ ಒಂದರಲ್ಲಿ ಹಂದಿಗಳನ್ನು ಕೊಲ್ಲುವುದನ್ನು ನೋಡಿದರು. ಅಂದಿನಿಂದ ಜೀವ ಇರುವವರೆಗೂ ಅವರು ಸಸ್ಯಾಹಾರಿ. ನಮ್ಮ ಅಜ್ಜಿಗೆ ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿದಾಗ ಅವರಿಗೆ ವಿಜ್ಞಾನಕ್ಕಿಂತ ಇದೇ ಹೆಚ್ಚು ಹಿಡಿಸಿತು. ನೂರು ವರ್ಷಕ್ಕೂ ಹಿಂದೆ, ಕುರಿ ದನ ಸಾಕಿ ಬದುಕುವ ಈ ನಾಡಿನಲ್ಲಿ, ಒಬ್ಬ ಹುಡುಗ ಊಟಕ್ಕೆ ಕುಳಿತು ಮಾಂಸ ಬೇಡ ಎನ್ನುವುದು ಸಣ್ಣ ಮಾತಲ್ಲ. ಸ್ಕೂಲ್ ಕ್ಯಾಂಪ್‌ನ ಸಾಸೇಜ್ ಸಿಜಲ್‌ನಲ್ಲಿ ಬರೀ ಬ್ರೆಡ್ಡು ಮತ್ತು ಈರುಳ್ಳಿ ತಿಂದು ಬಂದ ನಮ್ಮಲ್ಲಿ ಕೆಲವರಿಗೆ ಅದು ಗೊತ್ತು.

ಅನ್ಲಿ ಹೈಸ್ಕೂಲ್, ಆಮೇಲೆ ಅಡಿಲೇಡ್ ಹೈಸ್ಕೂಲ್. ಯೂನಿವರ್ಸಿಟಿಗೆ ಹೋಗಲು ಬೇಕಾದ ವಿದ್ಯಾರ್ಥಿವೇತನ ಸಿಗಲಿಲ್ಲ. ಒಡವೆ ತಯಾರಿಸುವ ಒಂದು ಅಂಗಡಿಯಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದರು. ನಂತರ ಸ್ಟೇಟ್ ಲೈಬ್ರರಿಯಲ್ಲಿ ಒಂದು ಚಿಕ್ಕ ಕೆಲಸ ಸಿಕ್ಕಿತು. ಹಗಲು ಅಲ್ಲಿ ದುಡಿದು ಸಂಜೆ ಅದೇ ರಸ್ತೆಯಲ್ಲಿರುವ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಓದತೊಡಗಿದರು. ಆ ರಸ್ತೆಯೇ ನಾರ್ತ್ ಟೆರೇಸ್. ಮೊದಲು ಅವರ ಮನಸ್ಸು ಡಾಕ್ಟರಾಗುವ ಕಡೆಗಿತ್ತು. ಭೌತಶಾಸ್ತ್ರದ ಪ್ರೊಫೆಸರ್ ಕೆರ್ ಗ್ರಾಂಟ್ ತಮ್ಮ ವಿಭಾಗದಲ್ಲೇ ಒಂದು ಸಹಾಯಕ ಹುದ್ದೆ ಕೊಟ್ಟರು. ಸಂಬಳ ವಾರಕ್ಕೆ 10 ಷಿಲಿಂಗ್. ಹಾಗೆ ಮೆಡಿಸಿನ್ ಕೈಬಿಟ್ಟು ಫಿಸಿಕ್ಸ್ ಹಿಡಿದರು. ಈ ವಾಕ್ಯವನ್ನು ನಾನು ಬೇಕೆಂದೇ ಬರೆದಿದ್ದೇನೆ, ನಮ್ಮ ಅಪ್ಪ ಅಮ್ಮ ಓದಲಿ ಎಂದು.

1925ರಲ್ಲಿ ಎರಡು ಸಂಗತಿ ನಡೆದವು. ಹದಿಹರೆಯದಿಂದ ಪರಿಚಯವಿದ್ದ ರೋಸಾ ವಿಲ್ಬ್ರಹಮ್ ಅವರೊಂದಿಗೆ ಮದುವೆಯಾಯಿತು. ಪರ್ತ್‌ನಿಂದ ಒಳನಾಡಿಗೆ ಹೋದರೆ ಸಿಗುವ ಕೂಲ್‌ಗಾರ್ಡಿ ಚಿನ್ನದ ಗಣಿಯ ಒಂದು ಗಟ್ಟಿಯನ್ನು ತಂದೆ ಕೊಟ್ಟಿದ್ದರು. ಅದನ್ನು ಕರಗಿಸಿ, ಲ್ಯಾಬೊರೇಟರಿಯಲ್ಲೇ ತಮ್ಮ ಕೈಯಾರೆ ಮದುವೆಯ ಉಂಗುರ ಮಾಡಿದರು. ಅದೇ ವರ್ಷ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಭಾಷಣ ಕೇಳಿದರು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ತೋರಿಸಿದ ರುದರ್‌ಫೋರ್ಡ್ ನ್ಯೂಜಿಲೆಂಡ್‌ನ ರೈತನ ಮಗ. ಕೆಲಸ ಮಾಡಿದರೆ ಇವರ ಕೈಕೆಳಗೇ ಎಂದು ಆಲಿಫೆಂಟ್ ಅಂದೇ ತೀರ್ಮಾನಿಸಿಬಿಟ್ಟರು. 1927ರಲ್ಲಿ ಸ್ಕಾಲರ್‌ಷಿಪ್ ಪಡೆದು ದಂಪತಿ ಕೇಂಬ್ರಿಡ್ಜ್‌ಗೆ ಹೊರಟರು. ಹೋಮಿ ಭಾಭಾ ಮುಂಬೈಯಿಂದ ಕೇಂಬ್ರಿಡ್ಜ್‌ಗೆ ಹೋದದ್ದೂ ಅದೇ ವರ್ಷ. ಮುಂದೆ ಯುದ್ಧದ ಕಾಲದಲ್ಲಿ ಭಾಭಾ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಶುರು ಮಾಡಿದರು.

ಇನ್ನು ಯಂತ್ರದ ಕಥೆ. ಇಲ್ಲಿ ಸ್ವಲ್ಪ ನಮ್ಮ ಕಥೆಯನ್ನೂ ಸೇರಿಸಬೇಕು.

ಈ ಕನ್ನಡ ಶಾಲೆಯಲ್ಲಿ ಅ ಆ ಇ ಈ ಒಟ್ಟಿಗೆ ಕಲಿತ ಮೂವರು ನಾವು. ಒಬ್ಬ ಗೆಳೆಯನ ಮನೆಯವರು ಪರ್ತ್‌ಗೆ ಹೋದರು, ಒಬ್ಬ ಗೆಳತಿಯ ಮನೆಯವರು ಬ್ರಿಸ್ಬೇನ್‌ಗೆ. ಈಗ ಭಾನುವಾರ ವಿಡಿಯೋ ಕಾಲ್‌ನಲ್ಲಿ ಸೇರುತ್ತೇವೆ. ಕಳೆದ ವರ್ಷ ಮೂವರೂ ಸೇರಿ ಒಂದು ಕಣ ವೇಗವರ್ಧಕ ಕಟ್ಟಬೇಕು ಎಂದು ಹಟ ಹಿಡಿದೆವು. ನಿಜವಾದದ್ದಕ್ಕೆ ಗಾಳಿಯನ್ನೆಲ್ಲ ಹೀರಿ ತೆಗೆಯುವ ಪಂಪ್ ಬೇಕು, ಸಾವಿರಾರು ವೋಲ್ಟ್ ಬೇಕು, ಎಕ್ಸ್‌ರೇ ಹೊರಗೆ ಬಾರದಂತೆ ಕಾಪು ಬೇಕು. ಮೂರು ಮನೆಯಲ್ಲೂ ಒಂದೇ ಉತ್ತರ ಬಂತು, ಅದು ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಕೊನೆಗೆ ಒಪ್ಪಿಗೆ ಸಿಕ್ಕಿದ್ದು ಬಟ್ಟಲಿನ ವೇಗವರ್ಧಕಕ್ಕೆ. ಅಮ್ಮ ಯುಗಾದಿಗೆ ಕೋಸಂಬರಿ ಕಲಸುವ ದೊಡ್ಡ ಪ್ಲಾಸ್ಟಿಕ್ ಬಟ್ಟಲಿನ ಒಳಗೆ ಲೋಹದ ಪಟ್ಟಿಗಳನ್ನು ಸೂರ್ಯನ ಕಿರಣದಂತೆ ಅಂಟಿಸಬೇಕು. ಒಂದು ಬಿಟ್ಟು ಒಂದು ಪಟ್ಟಿಗೆ ಶಾಲೆಯ ವ್ಯಾನ್ ಡಿ ಗ್ರಾಫ್ ಯಂತ್ರದಿಂದ ವಿದ್ಯುತ್ ಕೊಡಬೇಕು, ಉಳಿದವನ್ನು ನೆಲಕ್ಕೆ ಜೋಡಿಸಬೇಕು. ವಿದ್ಯುತ್ ಹರಿಯುವ ಬಣ್ಣ ಬಳಿದ ಪಿಂಗ್‌ಪಾಂಗ್ ಚೆಂಡನ್ನು ಒಳಗೆ ಬಿಟ್ಟರೆ, ಒಂದು ಪಟ್ಟಿ ಅದನ್ನು ನೂಕುತ್ತದೆ, ಮುಂದಿನದು ಎಳೆಯುತ್ತದೆ. ಚೆಂಡು ಗಿರಗಿರನೆ ಸುತ್ತುತ್ತಾ ಬಟ್ಟಲಿನ ಅಂಚಿನ ಕಡೆಗೆ ಏರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಇದು ಆಗುವುದಿಲ್ಲ.

ವೇಗವರ್ಧಕದ ಗುಟ್ಟೆಲ್ಲ ಇದೇ. ಜೋಕಾಲಿ ತೂಗುವವರು ಒಂದೇ ಸಲ ಬಲವಾಗಿ ನೂಕುವುದಿಲ್ಲ, ಸರಿಯಾದ ಹೊತ್ತಿಗೆ ಸಣ್ಣ ಸಣ್ಣ ನೂಕು ಕೊಡುತ್ತಾರೆ. ಅಮೆರಿಕದ ಅರ್ನೆಸ್ಟ್ ಲಾರೆನ್ಸ್ ಮಾಡಿದ ಸೈಕ್ಲೊಟ್ರಾನ್ ಹಾಗೆಯೇ ಕೆಲಸ ಮಾಡುತ್ತದೆ. ನಮ್ಮ ಚೆಂಡು ಪ್ರತಿ ಪಟ್ಟಿಯಲ್ಲೂ ತನ್ನ ವಿದ್ಯುದಂಶ ಬದಲಿಸಿಕೊಳ್ಳುತ್ತದೆ. ಅಲ್ಲಿ ಕಣ ಬದಲಾಗುವುದಿಲ್ಲ, ವೋಲ್ಟೇಜ್ ಹಿಂದುಮುಂದಾಗುತ್ತದೆ, ಅಯಸ್ಕಾಂತ ಅದರ ದಾರಿಯನ್ನು ಬಗ್ಗಿಸುತ್ತದೆ. ಇದರಿಂದ ಏನು ಪ್ರಯೋಜನ ಎಂದು ಅಪ್ಪ ಕೇಳಿದಾಗ ನಾನು ಹುಡುಕಿ ನೋಡಿದೆ. ಪರ್ತ್‌ನ ಸರ್ ಚಾರ್ಲ್ಸ್ ಗೇರ್ಡ್‌ನರ್ ಆಸ್ಪತ್ರೆಯಲ್ಲಿ, ರಾಯಲ್ ಬ್ರಿಸ್ಬೇನ್ ಆಸ್ಪತ್ರೆಯಲ್ಲಿ, ನಮ್ಮ ನಾರ್ತ್ ಟೆರೇಸಿನ ಸಂಶೋಧನಾ ಸಂಸ್ಥೆಯಲ್ಲಿ, ಹೀಗೆ ನಾವು ಮೂವರಿರುವ ಮೂರು ಊರಿನಲ್ಲೂ ಸೈಕ್ಲೊಟ್ರಾನ್ ಇದೆ. ಕ್ಯಾನ್ಸರ್ ಪತ್ತೆ ಮಾಡುವ ಪೆಟ್ ಸ್ಕ್ಯಾನ್‌ಗೆ ಬೇಕಾದ ಫ್ಲೋರೀನ್-18 ಅಲ್ಲಿ ತಯಾರಾಗುತ್ತದೆ. ಅದು 110 ನಿಮಿಷಕ್ಕೆ ಅರ್ಧವಾಗಿಬಿಡುತ್ತದೆ. ಅಡಿಲೇಡ್‌ನಲ್ಲಿ ಮಾಡಿ ಪರ್ತ್‌ಗೆ ಕಳಿಸುತ್ತೇವೆ ಎಂದರೆ ದಾರಿಯಲ್ಲೇ ಕರಗಿಹೋಗುತ್ತದೆ. ಆದ್ದರಿಂದ ದೊಡ್ಡ ಊರಿಗೊಂದು ಯಂತ್ರ.

ಕೇಂಬ್ರಿಡ್ಜ್‌ನಲ್ಲಿ ಆಲಿಫೆಂಟ್ ಕಟ್ಟಿದ್ದು ಇದಕ್ಕಿಂತ ಸರಳವಾದ ಯಂತ್ರ, ಒಂದೇ ನೇರ ಕೊಳವೆ. 1932ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಅದೇ ಲ್ಯಾಬಿನಲ್ಲಿ ಯಂತ್ರದಿಂದ ನ್ಯೂಕ್ಲಿಯಸ್ ಒಡೆದಿದ್ದರು. ಆಲಿಫೆಂಟ್ ಅವರ ಕೊಳವೆಯಲ್ಲಿ ವೋಲ್ಟೇಜ್ ಕಡಿಮೆ, ಆದರೆ ಕಣಗಳ ಧಾರೆ ಹೆಚ್ಚು ಬಲವಾದದ್ದು. ಅಮೆರಿಕದಿಂದ ಬಂದ ಕೆಲವೇ ಹನಿ ಭಾರಜಲದಿಂದ ಭಾರ ಹೈಡ್ರೋಜನ್ ತೆಗೆದು, ಅದರಿಂದಲೇ ಅದನ್ನು ಹೊಡೆದರು. 1934ರಲ್ಲಿ ಜಗತ್ತು ಅದುವರೆಗೆ ಕಾಣದ ಎರಡು ವಸ್ತು ಸಿಕ್ಕವು, ಟ್ರಿಟಿಯಂ ಮತ್ತು ಹೀಲಿಯಂ-3. ಲೆಕ್ಕ ಹೊಂದದೆ ತಲೆ ಕೆಡಿಸಿಕೊಂಡು ಮಲಗಿದ್ದಾಗ ಬೆಳಗಿನ ಜಾವ ಮೂರಕ್ಕೆ ರುದರ್‌ಫೋರ್ಡ್ ಫೋನ್ ಮಾಡಿ, ಅದು ಮೂರು ತೂಕದ ಹೀಲಿಯಂ ಎಂದು ಹೇಳಿದರಂತೆ. ಎರಡು ಹಗುರ ನ್ಯೂಕ್ಲಿಯಸ್‌ಗಳು ಸೇರಿ ಶಕ್ತಿ ಬಿಡುವ ಇಂಥ ಕ್ರಿಯೆಯೇ ಸೂರ್ಯನನ್ನು ಬೆಳಗಿಸುತ್ತಿದೆ. ಮುಂದೆ ಹೈಡ್ರೋಜನ್ ಬಾಂಬಿಗೂ ಅದೇ ಮೂಲವಾಯಿತು.

ಈ ಸಂತೋಷಕ್ಕೆ ಸ್ವಲ್ಪ ಮೊದಲು, 1933ರ ಸೆಪ್ಟೆಂಬರ್‌ನಲ್ಲಿ, ಅವರ ಮಗ ಜೆಫ್ರಿ ಮೆದುಳುಜ್ವರದಿಂದ ತೀರಿಕೊಂಡ. ಅವನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಆಮೇಲೆ ಅವರು ಒಂದು ಗಂಡು, ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡರು.

1937ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೊಫೆಸರ್ ಆದರು. ಸೈಕ್ಲೊಟ್ರಾನ್ ಕಟ್ಟಲು ಹೊರಟಾಗಲೇ ಯುದ್ಧ ಬಂತು. ಅವರ ವಿಭಾಗದ ರ್‍ಯಾಂಡಲ್ ಮತ್ತು ಬೂಟ್ 1940ರಲ್ಲಿ ಕ್ಯಾವಿಟಿ ಮ್ಯಾಗ್ನೆಟ್ರಾನ್ ಮಾಡಿದರು. ಅದು ವಿಮಾನಗಳ ರೇಡಾರ್‌ಗೆ ಹೋಯಿತು, ಅದರ ಮೊಮ್ಮಕ್ಕಳು ಇಂದು ನಮ್ಮೆಲ್ಲರ ಮೈಕ್ರೋವೇವ್ ಒಲೆಯೊಳಗಿದ್ದಾರೆ. ಅದೇ ವಿಭಾಗದಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಫ್ರಿಶ್ ಮತ್ತು ಪೈಯರ್ಲ್ಸ್ ಎಂಬ ಇಬ್ಬರಿದ್ದರು. ಶತ್ರುದೇಶದವರೆಂದು ಅವರನ್ನು ರೇಡಾರ್ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಕೈ ಖಾಲಿ ಇದ್ದ ಅವರು ಯುರೇನಿಯಂ ಬಾಂಬ್ ಸಾಧ್ಯ ಎಂದು ಲೆಕ್ಕ ಹಾಕಿ ಆಲಿಫೆಂಟ್ ಕೈಗೆ ಕೊಟ್ಟರು. ಅವರು ಅದನ್ನು ಸರ್ಕಾರಕ್ಕೆ ತಲುಪಿಸಿದರು. ಬ್ರಿಟನ್ ಆ ವರದಿಯನ್ನು ಅಮೆರಿಕಕ್ಕೂ ಕಳಿಸಿತು, ಅಲ್ಲಿಂದ ಉತ್ತರವೇ ಇಲ್ಲ. 1941ರ ಆಗಸ್ಟ್‌ನಲ್ಲಿ ಆಲಿಫೆಂಟ್ ತಾವೇ ವಿಮಾನದಲ್ಲಿ ಹೋಗಿ ನೋಡಿದರೆ, ಸಮಿತಿಯ ಅಧ್ಯಕ್ಷರು ವರದಿಯನ್ನು ಯಾರಿಗೂ ತೋರಿಸದೆ ತಿಜೋರಿಯಲ್ಲಿ ಇಟ್ಟುಬಿಟ್ಟಿದ್ದರು. ಆಲಿಫೆಂಟ್ ಒಬ್ಬೊಬ್ಬರನ್ನೇ ಭೇಟಿಯಾಗಿ, ಬಾಂಬ್ ಎಂಬ ಮಾತನ್ನು ಬಾಯಿಬಿಟ್ಟು ಆಡಿ, ಲಾರೆನ್ಸ್ ಅವರನ್ನು ಎಬ್ಬಿಸಿದರು. ಅವರು ಆ ಪ್ರಯಾಣ ಮಾಡದಿದ್ದರೆ ಬಾಂಬ್ ಯುದ್ಧ ಮುಗಿಯುವುದರೊಳಗೆ ಸಿದ್ಧವಾಗುತ್ತಿರಲಿಲ್ಲ ಎಂದು ಕೆಲವರು ಬರೆದಿದ್ದಾರೆ.

ನನಗೆ ಓದುತ್ತಾ ಓದುತ್ತಾ ಕಷ್ಟವಾದದ್ದು ಇಲ್ಲಿ. ಹಂದಿ ಸಾಯುವುದನ್ನು ನೋಡಲಾರದವರು ಇವರೇ ತಾನೆ? ಹಿಟ್ಲರನ ಕೈಗೆ ಮೊದಲು ಸಿಕ್ಕರೆ ಗತಿ ಏನು ಎಂಬ ಭಯ ಅವರಿಗಿತ್ತು, ಆ ಭಯ ಸುಳ್ಳಲ್ಲ. 1943ರಿಂದ ಅವರು ಅಮೆರಿಕದಲ್ಲಿ ಲಾರೆನ್ಸ್ ಜೊತೆ ಯುರೇನಿಯಂ ಬೇರ್ಪಡಿಸುವ ಕೆಲಸ ಮಾಡಿದರು. ಅದಕ್ಕೆ ಬಳಸಿದ್ದು ಸೈಕ್ಲೊಟ್ರಾನ್‌ನ ತಮ್ಮನಂಥ ಯಂತ್ರ. ಕಣಗಳನ್ನು ಅಯಸ್ಕಾಂತದಿಂದ ಬಗ್ಗಿಸಿದಾಗ ಹಗುರವಾದದ್ದು ಒಂದು ಕಡೆ, ಭಾರವಾದದ್ದು ಇನ್ನೊಂದು ಕಡೆ ಬೀಳುತ್ತದೆ. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂ ಆ ಯಂತ್ರಗಳಿಂದ ಬಂತು. ಸುದ್ದಿ ಕೇಳಿದಾಗ ಯಂತ್ರ ಕೆಲಸ ಮಾಡಿತು ಎಂಬ ಹೆಮ್ಮೆ, ಮನುಷ್ಯರಿಗೆ ಆದದ್ದರ ಬಗ್ಗೆ ಗಾಬರಿ, ಎರಡೂ ಒಟ್ಟಿಗೆ ಬಂದವು ಎಂದು ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಹೆಮ್ಮೆಯ ಭಾಗವನ್ನು ಬಚ್ಚಿಡಬಹುದಾಗಿತ್ತು, ಬಚ್ಚಿಡಲಿಲ್ಲ. ಆಮೇಲೆ ಅಣ್ವಸ್ತ್ರದ ವಿರುದ್ಧ ಎಲ್ಲೆಡೆ ಮಾತನಾಡಿದರು. 1957ರಲ್ಲಿ ಕೆನಡಾದ ಪಗ್‌ವಾಷ್ ಎಂಬ ಹಳ್ಳಿಯಲ್ಲಿ ಎರಡೂ ಬಣದ ವಿಜ್ಞಾನಿಗಳು ಸೇರಿದ ಮೊದಲ ಸಭೆಯಲ್ಲಿ ಅವರಿದ್ದರು. ಬ್ರಿಟನ್ ನಮ್ಮದೇ ಸೌತ್ ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ, ಮಾರಲಿಂಗದಲ್ಲಿ, ಬಾಂಬ್ ಪರೀಕ್ಷೆ ಮಾಡಿದಾಗ ಈ ದೇಶದ ಅತಿ ದೊಡ್ಡ ಪರಮಾಣು ವಿಜ್ಞಾನಿಯನ್ನು ಕರೆಯಲೇ ಇಲ್ಲ.

ಯುದ್ಧದ ನಡುವೆಯೇ ಅವರಿಗೆ ಇನ್ನೊಂದು ಯೋಚನೆ ಹೊಳೆದಿತ್ತು. ಕಣದ ವೇಗ ಬೆಳಕಿನ ವೇಗದ ಹತ್ತಿರ ಬಂದರೆ ಐನ್‌ಸ್ಟೈನ್ ಹೇಳಿದಂತೆ ಅದು ಭಾರವಾಗುತ್ತಾ ಹೋಗುತ್ತದೆ, ಸೈಕ್ಲೊಟ್ರಾನ್‌ನಲ್ಲಿ ನೂಕುವ ತಾಳ ತಪ್ಪುತ್ತದೆ. ಕಣವನ್ನು ಒಂದೇ ಉಂಗುರದಲ್ಲಿ ಓಡಿಸಿ, ಅಯಸ್ಕಾಂತದ ಬಲವನ್ನೂ ನೂಕುವ ತಾಳವನ್ನೂ ಜೊತೆಜೊತೆಗೆ ಏರಿಸಿದರೆ ಹೇಗೆ? ಅದೇ ಸಿಂಕ್ರೊಟ್ರಾನ್. ಇಂದು ಜಿನೀವಾದಲ್ಲಿರುವ 27 ಕಿಲೋಮೀಟರ್ ಸುತ್ತಿನ ಯಂತ್ರವೂ ಅದೇ ಜಾತಿಯದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅದನ್ನು ಕಟ್ಟಲು ಶುರು ಮಾಡಿದರು. ಅದು ಓಡಿದ್ದು 1953ರಲ್ಲಿ. ಅಷ್ಟರಲ್ಲಿ ಅಮೆರಿಕದವರ ಯಂತ್ರ ಮೊದಲೇ ಓಡಿಬಿಟ್ಟಿತ್ತು, ಇವರೂ ಅಲ್ಲಿರಲಿಲ್ಲ. 1950ರಲ್ಲೇ ಕ್ಯಾನ್ಬೆರಾಗೆ ಬಂದುಬಿಟ್ಟಿದ್ದರು.

ಹೊಸದಾಗಿ ಹುಟ್ಟಿದ್ದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಜಗತ್ತಿನ ಅತಿ ದೊಡ್ಡ ವೇಗವರ್ಧಕ ಕಟ್ಟುವುದು ಅವರ ಕನಸು. ಅದಕ್ಕೆ ಒಮ್ಮೆಲೇ ಅಪಾರ ವಿದ್ಯುತ್ ಬೇಕಲ್ಲ, ಅದನ್ನು ಕೂಡಿಟ್ಟುಕೊಳ್ಳಲು 500 ಮೆಗಾಜೂಲ್‌ನ ತಿರುಗುವ ಜನರೇಟರ್ ಕಟ್ಟತೊಡಗಿದರು. ವರ್ಷಗಳು ಕಳೆದವು, ಹಣ ಸಾಲಲಿಲ್ಲ, ಜನರೂ ಸಾಲಲಿಲ್ಲ. ಪತ್ರಿಕೆಗಳು ಅವರ ಹೆಸರನ್ನೇ ತಿರುಚಿ ವೈಟ್ ಆಲಿಫೆಂಟ್ ಎಂದು ಹಾಸ್ಯ ಮಾಡಿದವು, ನಾವು ಬಿಳಿಯಾನೆ ಸಾಕುವುದು ಎನ್ನುತ್ತೇವಲ್ಲ ಹಾಗೆ. 1962ರಲ್ಲಿ ಜನರೇಟರ್ ತಿರುಗಿತು. ವೇಗವರ್ಧಕ ಮಾತ್ರ ಎಂದೂ ಆಗಲಿಲ್ಲ. ಯಾವ ಯಂತ್ರವನ್ನು ಕಲ್ಪಿಸಿಕೊಂಡರೋ ಅಂಥದ್ದನ್ನು ತಮ್ಮ ದೇಶದಲ್ಲಿ ಓಡಿಸುವ ಭಾಗ್ಯ ಅವರಿಗೆ ಬರಲಿಲ್ಲ. ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಸಿಂಕ್ರೊಟ್ರಾನ್ ತೆರೆದದ್ದು 2007ರಲ್ಲಿ, ಅವರು ಹೋಗಿ ಏಳು ವರ್ಷವಾದ ಮೇಲೆ.

1971ರಲ್ಲಿ ಪ್ರೀಮಿಯರ್ ಡಾನ್ ಡನ್‌ಸ್ಟನ್ ಅವರನ್ನು ಸೌತ್ ಆಸ್ಟ್ರೇಲಿಯಾದ ಗವರ್ನರ್ ಮಾಡಿದರು. ಗವರ್ನರ್ ಮನೆ ಇರುವುದೂ ನಾರ್ತ್ ಟೆರೇಸಿನಲ್ಲೇ. ಹುಡುಗನಾಗಿ ಕೆಲಸ ಮಾಡಿದ ಲೈಬ್ರರಿಗೆ ಅಲ್ಲಿಂದ ಕೆಲವೇ ಹೆಜ್ಜೆ. ಗವರ್ನರ್ ಎಂದರೆ ಸುಮ್ಮನಿರಬೇಕು ಎಂಬುದು ರೂಢಿ, ಅವರು ಪರಿಸರ, ಯುದ್ಧ ಎಲ್ಲದರ ಬಗ್ಗೆಯೂ ಮಾತನಾಡಿದರು. ಆದರೆ 1976ರಲ್ಲಿ, ತಮ್ಮ ನಂತರ ಸರ್ ಡಗ್ಲಸ್ ನಿಕೋಲ್ಸ್ ಎಂಬ ಮೂಲನಿವಾಸಿ ನಾಯಕರು ಗವರ್ನರ್ ಆಗುತ್ತಾರೆ ಎಂದು ತಿಳಿದಾಗ, ಮೂಲನಿವಾಸಿಗಳಿಗೆ ಆ ಸ್ಥಾನ ಒಗ್ಗದು ಎಂಬ ಅರ್ಥದಲ್ಲಿ ಗುಟ್ಟಾಗಿ ಬರೆದು ಕೊಟ್ಟರು. ಡನ್‌ಸ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಾಲುಗಳನ್ನು ಬಿಟ್ಟುಬಿಡು, ಒಳ್ಳೆಯದನ್ನೇ ಬರೆ ಎಂದು ಮನೆಯಲ್ಲಿ ಹೇಳಿದರು. ಬಣ್ಣ ನೋಡಿ ಅಳೆಯುವವರ ನಡುವೆ ಬೆಳೆಯುತ್ತಿರುವ ನಾನು ಅದನ್ನು ಹೇಗೆ ಬಿಡಲಿ? ಅವರ ಕಾಲದಲ್ಲಿ ಹೆಚ್ಚಿನ ಬಿಳಿಯರು ಹಾಗೆಯೇ ಯೋಚಿಸುತ್ತಿದ್ದರು ಎನ್ನುತ್ತಾರೆ. ಇರಬಹುದು. ಊಟದ ಮೇಜಿನಲ್ಲಿ ಎಲ್ಲರಂತೆ ಯೋಚಿಸದವರು ಇಲ್ಲಿ ಎಲ್ಲರಂತೆ ಯೋಚಿಸಿದ್ದು ನನಗೆ ಬೇಸರ.

ಗವರ್ನರ್ ಅವಧಿ ಮುಗಿದ ಮೇಲೆ ಕ್ಯಾನ್ಬೆರಾಗೆ ಮರಳಿದರು. ರೋಸಾ ದೀರ್ಘ ಕಾಲ ಕಾಯಿಲೆಯಿಂದ ನರಳಿ 1987ರಲ್ಲಿ ತೀರಿಕೊಂಡರು. ಅದನ್ನು ಕಣ್ಣಾರೆ ಕಂಡ ಆಲಿಫೆಂಟ್, ತಾಳಲಾರದ ನೋವಿನಲ್ಲಿರುವವರಿಗೆ ತಮ್ಮ ಸಾವನ್ನು ತಾವೇ ಆರಿಸಿಕೊಳ್ಳುವ ಹಕ್ಕು ಬೇಕು ಎಂದು ವಾದಿಸಿದರು. 2000ನೇ ಇಸವಿಯ ಜುಲೈ 14ರಂದು ತೀರಿಕೊಂಡಾಗ ಅವರಿಗೆ 98 ವರ್ಷ.