ಕಿಡಿಯ ಹಿಂದಿನ ಕುಶಲಕರ್ಮಿ: ರಾಬರ್ಟ್ ಬಾಷ್



ಯಶವಂತಪುರದಲ್ಲಿ ತುಮಕೂರು ರಸ್ತೆಯ ಅಕ್ಕಪಕ್ಕ ಓಡಾಡುವಾಗ ಗ್ಯಾರೇಜುಗಳ ಮುಂದೆ ನೀವು ಒಂದು ಕ್ಷಣ ನಿಂತಿರಬಹುದು. ಸಾಲುಗಟ್ಟಿ ನಿಂತ ಲಾರಿಗಳ ನಡುವೆ ಒಮ್ಮೊಮ್ಮೆ ಬಾನೆಟ್ ಎತ್ತಿದ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕಾರು ಕಾಣಸಿಗುತ್ತದೆ. ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಸವೆದ ಪಾಯಿಂಟನ್ನು ಕಿತ್ತು, ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುತ್ತಿರುತ್ತಾನೆ. ಅವನ ಕೈಯಲ್ಲಿರುವ ಎರಡು ತಂತಿಗಳ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಮೊದಲ ಪುಟಗಳಲ್ಲೇ ಬರುವ ಹೆಸರು ರಾಬರ್ಟ್ ಬಾಷ್. ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲಕ ಬೆಂಗಳೂರಿನ ಸಾವಿರಾರು ಮನೆಗಳ ಒಲೆ ಉರಿಯಲು ಕಾರಣವಾದ ಹೆಸರೂ ಅದೇ.

ಬಾಲ್ಯ ಮತ್ತು ಕಲಿಕೆ

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಜಮೀನು ಮಾಡಿಕೊಂಡು ದಾರಿಹೋಕರಿಗೆ ಒಂದು ವಸತಿಗೃಹ ನಡೆಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಶಾಲೆ ಮುಗಿಸಿ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರು. ಆದರೆ ಅಲ್ಲಿ ಸರಿಯಾಗಿ ಕಲಿಸುವವರೇ ಇರಲಿಲ್ಲ. ಈ ಕೊರತೆ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಮುಂದೆ ಅವರು ಮಾಡಿದ ಒಂದು ಒಳ್ಳೆಯ ಕೆಲಸಕ್ಕೆ ಈ ಕಹಿಯೇ ಕಾರಣವಾಯಿತು ಎಂಬುದನ್ನು ನೀವು ಮುಂದೆ ಓದುವಿರಿ.

ನಂತರ ಹಲವು ಕಾರ್ಖಾನೆಗಳಲ್ಲಿ ದುಡಿದರು. ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಕೇಳಿದರು. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್‌ರ ಕಾರ್ಖಾನೆಯಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡಿದರು. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಾಗ ಅವರ ಜೊತೆ ಇದ್ದವರು ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬ ಕೆಲಸದ ಹುಡುಗ ಮಾತ್ರ. ಕಾರ್ಲ್ ಬೆಂಜ್ ತಮ್ಮ ಮೋಟಾರು ವಾಹನಕ್ಕೆ ಪೇಟೆಂಟ್ ಕೋರಿದ್ದೂ ಅದೇ ವರ್ಷ.

ಕಿಡಿಯ ಸಮಸ್ಯೆ

ಪೆಟ್ರೋಲ್ ಎಂಜಿನ್ ಓಡಬೇಕಾದರೆ ಸರಿಯಾದ ಕ್ಷಣದಲ್ಲಿ ಕಿಡಿ ಹಾರಬೇಕು. ಒಂದಿಷ್ಟು ಮುಂಚೆ ಹಾರಿದರೂ ತೊಂದರೆ, ತಡವಾದರೂ ತೊಂದರೆ. ಅಂದಿನ ದಿನಗಳಲ್ಲಿ ಎಂಜಿನ್ ತಯಾರಕರಿಗೆ ಇದೇ ದೊಡ್ಡ ತಲೆನೋವಾಗಿತ್ತು. 1887ರಲ್ಲಿ ಒಬ್ಬ ಗಿರಾಕಿಯ ಬೇಡಿಕೆಯಂತೆ ಬಾಷ್ ಒಂದೆಡೆ ನಿಂತು ಓಡುವ ಎಂಜಿನ್ನಿಗಾಗಿ ಮ್ಯಾಗ್ನೆಟೊ ತಯಾರಿಸಿದರು. ಬ್ಯಾಟರಿಯ ಹಂಗಿಲ್ಲದೆ ಅಯಸ್ಕಾಂತದ ಬಲದಿಂದಲೇ ವಿದ್ಯುತ್ ಹುಟ್ಟಿಸುವ ಸಾಧನ ಅದು. ಅದರ ಮೂಲ ಕಲ್ಪನೆ ಅವರದಲ್ಲ. ಬೇರೆ ಕಡೆ ಇದ್ದುದನ್ನು ನೋಡಿ, ಪೇಟೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಸುಧಾರಿಸಿ ಮಾಡಿದರು.

ಆದರೂ ಮುಂದಿನ ವರ್ಷಗಳು ಕಷ್ಟದವು. ಸಾಲ, ಕೆಲಸದ ಅಭಾವ ಎಲ್ಲವೂ ಕಾಡಿದವು. ಸೈಕಲ್ ಏರಿ ಗಿರಾಕಿಗಳ ಮನೆಗಳಿಗೆ ತಾವೇ ಹೋಗಿ ಕೆಲಸ ನೋಡಿಕೊಳ್ಳುತ್ತಿದ್ದರು. 1897ರಲ್ಲಿ ಅವರ ವರ್ಕ್‌ಶಾಪ್ ಮೊದಲ ಬಾರಿಗೆ ಮೂರು ಚಕ್ರದ ಒಂದು ಮೋಟಾರು ಗಾಡಿಗೆ ಮ್ಯಾಗ್ನೆಟೊ ಅಳವಡಿಸಿತು. ನಿಧಾನದ ಎಂಜಿನ್ನಿಗೆ ಹೊಂದುತ್ತಿದ್ದ ಸಾಧನವನ್ನು ವೇಗದ ಎಂಜಿನ್ನಿಗೆ ಹೊಂದಿಸಿದ್ದೇ ಇಲ್ಲಿನ ಸಾಧನೆ. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ರೂಪಿಸಿದರು. ಅಲ್ಲಿಂದ ಬಾಷ್ ಹೆಸರು ಜಗತ್ತಿನ ರಸ್ತೆಗಳಲ್ಲೆಲ್ಲ ಓಡಿತು.

ಹಣ ಬಂದಾಗ ಅವರು ಕಾರ್ಮಿಕರನ್ನು ಮರೆಯಲಿಲ್ಲ. ದಿನಕ್ಕೆ ಹತ್ತು ಗಂಟೆ ಮೀರಿ ದುಡಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ, 1906ರಲ್ಲೇ ಎಂಟು ಗಂಟೆಯ ಕೆಲಸದ ದಿನವನ್ನು ಜಾರಿಗೆ ತಂದರು. 1913ರಲ್ಲಿ ಕೆಲಸ ಕಲಿಯುವ ಹುಡುಗರಿಗೆಂದೇ ಪ್ರತ್ಯೇಕ ತರಬೇತಿ ವಿಭಾಗ ತೆರೆದರು. ತಮಗೆ ಸಿಗದ ಕಲಿಕೆ ಇತರರ ಮಕ್ಕಳಿಗೆ ಸಿಗಲಿ ಎಂಬ ಆಸೆ ಅದರ ಹಿಂದೆ ಇತ್ತು.

ಹಳೆಯದು ಹೋದಾಗ

ಇನ್ನು ಅವರ ಬದುಕಿನ ಕಠಿಣ ಭಾಗ. ಮೊದಲ ಮಹಾಯುದ್ಧದಲ್ಲಿ ವಿದೇಶದ ಆಸ್ತಿಯ ಬಹುಭಾಗ ಕೈತಪ್ಪಿತು. 1921ರಲ್ಲಿ ಮಗ ದೀರ್ಘ ಕಾಯಿಲೆಯಿಂದ ತೀರಿಕೊಂಡ. ಅಷ್ಟರಲ್ಲಿ ಕಾರುಗಳಿಗೆ ದೀಪ, ಸೆಲ್ಫ್ ಸ್ಟಾರ್ಟರ್ ಬಂದು, ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿ ಇರತೊಡಗಿತ್ತು. ಬ್ಯಾಟರಿ ಇದ್ದ ಮೇಲೆ ದುಬಾರಿ ಮ್ಯಾಗ್ನೆಟೊ ಯಾರಿಗೆ ಬೇಕು? ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಕಾಯಿಲ್ ಮತ್ತು ಪಾಯಿಂಟಿನ ಪದ್ಧತಿ ಅಗ್ಗವಾಗಿತ್ತು. ತಮ್ಮನ್ನು ಬೆಳೆಸಿದ ವಸ್ತುವೇ ಹಳತಾಗುತ್ತಿರುವುದನ್ನು ಬಾಷ್ ಕಂಡರು. ಹಟ ಹಿಡಿದು ಕೂರಲಿಲ್ಲ. 1925ರಲ್ಲಿ ಅವರ ಕಂಪನಿಯೂ ಬ್ಯಾಟರಿ ಇಗ್ನಿಷನ್ ತಯಾರಿಕೆ ಆರಂಭಿಸಿತು. 1927ರಲ್ಲಿ ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪಂಪ್ ತಯಾರಿಕೆ ಶುರುವಾಯಿತು. ತುಮಕೂರು ರಸ್ತೆಯಲ್ಲಿ ದಶಕಗಳ ಕಾಲ ಓಡಿದ ಡೀಸೆಲ್ ಲಾರಿಗಳ ಪಂಪು ಮತ್ತು ನಾಜಲ್‌ಗಳ ವಂಶ ಅಲ್ಲಿಂದ ಬಂದದ್ದು.

ನಾಜಿ ಆಡಳಿತದ ಕಾಲದ ಲೆಕ್ಕ ಅಷ್ಟು ಸರಳವಲ್ಲ. ಬಾಷ್ ಆ ಆಡಳಿತವನ್ನು ಒಪ್ಪಿದವರಲ್ಲ. ಕಿರುಕುಳಕ್ಕೊಳಗಾದ ಯಹೂದಿಗಳಿಗೆ ಅವರೂ ಅವರ ಆಪ್ತರೂ ಗುಟ್ಟಾಗಿ ನೆರವಾದರು, ಹಿಟ್ಲರನ ವಿರೋಧಿಗಳಿಗೆ ಆಸರೆ ಕೊಟ್ಟರು. ಆದರೆ ಅದೇ ಕಂಪನಿ ಯುದ್ಧ ಸಾಮಗ್ರಿ ತಯಾರಿಸಿತು, ಬಲವಂತವಾಗಿ ಹಿಡಿದು ತಂದ ಜನರನ್ನೂ ದುಡಿಸಿಕೊಂಡಿತು. ಎಂಟು ಗಂಟೆಯ ದಿನ ತಂದವರ ಕಾರ್ಖಾನೆಯಲ್ಲೇ ಇದೂ ನಡೆಯಿತು. ದೊಡ್ಡವರ ಜೀವನ ಓದುವಾಗ ಈ ಪುಟವನ್ನು ಹಾರಿಸಿ ಓದಬೇಡಿ. 1942ರ ಮಾರ್ಚ್ 12ರಂದು, ಯುದ್ಧ ಮುಗಿಯುವ ಮೊದಲೇ, ಬಾಷ್ ನಿಧನರಾದರು. ಸ್ಟುಟ್‌ಗಾರ್ಟ್‌ನಲ್ಲಿ ಅವರು ಸ್ಥಾಪಿಸಿದ ಆಸ್ಪತ್ರೆ ಇಂದಿಗೂ ಇದೆ. ಕಂಪನಿಯ ಬಹುಪಾಲು ಷೇರು ಈಗ ಸಮಾಜಸೇವೆಯ ಪ್ರತಿಷ್ಠಾನದ ಬಳಿ ಇದೆ.

ಬೆಂಗಳೂರಿಗೆ ಬಂದ ಕಿಡಿ

1951ರಲ್ಲಿ ಮೈಕೋ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್, ಆಮೇಲೆ ಡೀಸೆಲ್ ಪಂಪ್ ತಯಾರಾದವು. 1961ರಲ್ಲಿ ಹುಡುಗರಿಗೆ ಕಸುಬು ಕಲಿಸುವ ತರಬೇತಿ ಕೇಂದ್ರವೂ ಆರಂಭವಾಯಿತು. 2008ರಲ್ಲಿ ಮೈಕೋ ತನ್ನ ಹೆಸರನ್ನು ಬಾಷ್ ಎಂದು ಬದಲಿಸಿಕೊಂಡಿತು.

ಈಗ ಮತ್ತೆ ಗ್ಯಾರೇಜಿಗೆ ಬನ್ನಿ. ಹಳೆಯ ಕಾರಿನಲ್ಲಿ ಪಾಯಿಂಟ್ ತೆರೆದಾಗ ಕಾಯಿಲಿನ ಪ್ರಾಥಮಿಕ ಸುತ್ತಿನ ಕರೆಂಟ್ ನಿಲ್ಲುತ್ತದೆ, ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಸವೆದರೆ, ಸುಟ್ಟರೆ, ಟೈಮಿಂಗ್ ತಪ್ಪುತ್ತದೆ. ಹೊಸ ಸಾಧನದಲ್ಲಿ ತಿರುಗುವ ಶಾಫ್ಟಿನ ಮೇಲೆ ಅಯಸ್ಕಾಂತದ ಬಳೆ ಇರುತ್ತದೆ. ಅದನ್ನು ಒಂದು ಸೆನ್ಸರ್ ಗುರುತಿಸಿ, ಟ್ರಾನ್ಸಿಸ್ಟರ್ ಮೂಲಕ ಕರೆಂಟನ್ನು ಕಡಿಯುತ್ತದೆ. ಉಜ್ಜಿ ಸವೆಯುವ ಭಾಗವೇ ಇಲ್ಲ.

ನೀವೇ ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ. ಕಾರಿನಲ್ಲಿ ನೆಗೆಟಿವ್ ಅರ್ಥ್ ಇದೆಯೋ, ಹಳೆಯ ಬ್ರಿಟಿಷ್ ಕಾರುಗಳಂತೆ ಪಾಸಿಟಿವ್ ಅರ್ಥ್ ಇದೆಯೋ ನೋಡಿಕೊಳ್ಳಿ. ತಪ್ಪಿದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಮಾಡ್ಯೂಲನ್ನು ಪ್ಲೇಟಿಗೆ ಬಿಗಿಯಾಗಿ ಕೂರಿಸಿ, ಪ್ಲೇಟಿಗೆ ಒಳ್ಳೆಯ ಅರ್ಥ್ ಸಿಗಲಿ. ನೆಗೆಟಿವ್ ಅರ್ಥ್ ಕಾರಾದರೆ ಸಾಮಾನ್ಯವಾಗಿ ಕೆಂಪು ತಂತಿ ಕಾಯಿಲಿನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಆದರೂ ಕಿಟ್ಟಿನ ಜೊತೆ ಬಂದ ಚೀಟಿಯನ್ನು ಓದದೆ ಜೋಡಿಸಬೇಡಿ. ಕಾಯಿಲಿನ ರೆಸಿಸ್ಟೆನ್ಸ್ ಕಿಟ್ಟಿಗೆ ಹೊಂದುತ್ತದೆಯೇ ಎಂದು ಮೀಟರಿನಲ್ಲಿ ಅಳೆಯಿರಿ. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಸರಿಮಾಡಿ. ಎಂಜಿನ್ ಓಡದಿರುವಾಗ ಕೀಲಿಯನ್ನು ಆನ್ ಮಾಡಿ ಬಿಟ್ಟು ಹೋಗಬೇಡಿ.

ಪ್ರಿಯ ಮಿತ್ರರೇ, ನಿಮ್ಮಲ್ಲಿ ಕೆಲವರು ಕಾಲೇಜಿಗೆ ಹೋಗುವಿರಿ, ಕೆಲವರು ಐಟಿಐಗೆ, ಕೆಲವರು ಮನೆಯ ಪರಿಸ್ಥಿತಿಯಿಂದ ನೇರವಾಗಿ ಗ್ಯಾರೇಜಿಗೆ. ಎಣ್ಣೆ ಮೆತ್ತಿದ ಕೈಯನ್ನು ಕೀಳಾಗಿ ಕಾಣಬೇಡಿ. ಆದರೆ ಸ್ಪ್ಯಾನರ್ ಹಿಡಿಯುವುದನ್ನಷ್ಟೇ ಕಲಿತು ನಿಲ್ಲಬೇಡಿ; ಕಿಡಿ ಏಕೆ ಹಾರುತ್ತದೆ ಎಂದೂ ಕೇಳಿ ತಿಳಿಯಿರಿ. ಇಂದು ನೀವು ಕಲಿತ ಕಸುಬು ನಾಳೆ ಮ್ಯಾಗ್ನೆಟೊದಂತೆ ಹಳತಾಗಬಹುದು. ಕಾರಣ ತಿಳಿದವನು ಹೊಸದನ್ನೂ ಕಲಿಯಬಲ್ಲ. ನಾಳೆ ನಿಮ್ಮದೇ ಗ್ಯಾರೇಜ್ ಆದಾಗ, ನಿಮ್ಮ ಬಳಿ ಬರುವ ಹುಡುಗನಿಗೆ ಚಹಾ ತರುವ ಕೆಲಸವನ್ನಷ್ಟೇ ಕೊಡಬೇಡಿ, ಕಸುಬನ್ನೂ ಕಲಿಸಿ.