ಸ್ವಾತಂತ್ರ್ಯೋತ್ಸವದ ಮರುದಿನ ದೇಶವನ್ನೇ ಪ್ರಶ್ನಿಸಿದ ಫ್ರೆಡರಿಕ್ ಡಗ್ಲಾಸ್

ಜುಲೈ 4 ಬಂತೆಂದರೆ ಅಮೆರಿಕದ ಊರೂರಿನಲ್ಲಿ ಪಟಾಕಿ, ಮೆರವಣಿಗೆ, ಬಾವುಟ. 1776ರಲ್ಲಿ ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎಂದು ಆ ದೇಶ ಜಗತ್ತಿಗೆ ಸಾರಿದ ದಿನವದು. ಹಾಗೆ ಸಾರಿ ಮುಕ್ಕಾಲು ಶತಮಾನ ಕಳೆದರೂ ಅಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಗುಲಾಮರಾಗಿಯೇ ಇದ್ದರು. ಈ ಎರಡು ಮಾತು ಒಂದೇ ದೇಶದಲ್ಲಿ ಹೇಗೆ ಕೂಡಿ ಬಾಳುತ್ತವೆ ಅಂತ ಎದುರು ನಿಂತು ಕೇಳಿದವರಲ್ಲಿ ಫ್ರೆಡರಿಕ್ ಡಗ್ಲಾಸ್ ದೊಡ್ಡ ಹೆಸರು.

1818ರಲ್ಲಿ ಮೇರಿಲ್ಯಾಂಡ್ ರಾಜ್ಯದ ಟಾಲ್ಬಟ್ ಕೌಂಟಿಯಲ್ಲಿ ಹುಟ್ಟಿದ ಆತನಿಗೆ ತನ್ನ ಹುಟ್ಟಿದ ದಿನ ಗೊತ್ತಿರಲಿಲ್ಲ. ಗುಲಾಮರ ಮಕ್ಕಳ ಜನ್ಮದಿನವನ್ನು ಯಾರು ಬರೆದಿಡ್ತಾರೆ? ತಾಯಿ ಹ್ಯಾರಿಯೆಟ್ ಬೇರೆ ಹೊಲದಲ್ಲಿ ದುಡಿಯುತ್ತಿದ್ದಳು. ರಾತ್ರಿ ಮೈಲಿಗಟ್ಟಲೆ ನಡೆದು ಬಂದು ಮಗನನ್ನು ನೋಡಿ, ಬೆಳಗಾಗುವುದರೊಳಗೆ ವಾಪಸ್ ಹೋಗಬೇಕಿತ್ತು. ಅಂಥ ಭೇಟಿ ಆದದ್ದು ಕೆಲವೇ ಸಲ. ಹುಡುಗನಿಗೆ ಏಳು ವರ್ಷ ಆಗುವ ಹೊತ್ತಿಗೆ ಆಕೆ ತೀರಿಕೊಂಡಳು. ಸಾಕಿದ್ದು ಅಜ್ಜಿ.

ಎಂಟರ ವಯಸ್ಸಿಗೆ ಬಾಲ್ಟಿಮೋರ್ ಪಟ್ಟಣದ ಹ್ಯೂ ಆಲ್ಡ್ ಎಂಬಾತನ ಮನೆಗೆ ಕಳಿಸಿದರು. ಮನೆಯೊಡತಿ ಸೋಫಿಯಾ ಅಕ್ಷರ ಕಲಿಸಲು ಶುರು ಮಾಡಿದಳು, ಗಂಡ ತಡೆದ. ಓದು ಬಂದರೆ ಗುಲಾಮ ಕೈಗೆ ಸಿಗುವುದಿಲ್ಲ ಎಂಬ ಭಯ ಅವನಿಗೆ. ಬಿಡುಗಡೆಯ ದಾರಿ ಯಾವುದೆಂದು ಹುಡುಗನಿಗೆ ಹೊಳೆದದ್ದು ಆ ಕ್ಷಣದಲ್ಲೇ. ಮುಂದೆ ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡ.

ಹದಿನಾರರ ವಯಸ್ಸಿನಲ್ಲಿ ಆತನನ್ನು ಕೋವಿ ಎಂಬ ರೈತನ ಕೈಗೆ ಒಪ್ಪಿಸಲಾಯಿತು. ಹಠಮಾರಿ ಗುಲಾಮರನ್ನು ಹೊಡೆದು ಬಗ್ಗಿಸುವುದರಲ್ಲಿ ಕೋವಿ ಹೆಸರುವಾಸಿ. ತಿಂಗಳುಗಟ್ಟಲೆ ಚಾಟಿಯೇಟು ತಿಂದ ಹುಡುಗ ಒಂದು ದಿನ ತಿರುಗಿ ಬಿದ್ದ. ಸುಮಾರು ಎರಡು ಗಂಟೆ ಹೊಡೆದಾಟ ನಡೆಯಿತು. ಆಮೇಲೆ ಕೋವಿ ಅವನ ಮೇಲೆ ಚಾಟಿ ಎತ್ತಲಿಲ್ಲ.

ಮತ್ತೆ ಬಾಲ್ಟಿಮೋರ್‌ಗೆ ಬಂದ ಡಗ್ಲಾಸ್ ಹಡಗುಕಟ್ಟೆಯಲ್ಲಿ ಹಲಗೆಗಳ ಸಂದಿಗೆ ನಾರು ತುಂಬುವ ಕೆಲಸ ಕಲಿತು ನುರಿತ ಕೆಲಸಗಾರನಾದ. ದಿನಕ್ಕೆ ಒಂದೂವರೆ ಡಾಲರ್ ಸಂಬಳ. ಆದರೆ ವಾರದ ಕೊನೆಗೆ ಅಷ್ಟೂ ದುಡ್ಡು ಯಜಮಾನನ ಕೈಗೆ. ಆರು ಡಾಲರ್ ತಂದುಕೊಟ್ಟ ದಿನ ಯಜಮಾನ ಖುಷಿಯಾಗಿ ಆರು ಸೆಂಟ್ ವಾಪಸ್ ಕೊಡುತ್ತಿದ್ದನಂತೆ. ಅದರಿಂದ ಸಮಾಧಾನ ಆಗುವ ಬದಲು ಡಗ್ಲಾಸನ ಹೊಟ್ಟೆ ಇನ್ನಷ್ಟು ಉರಿಯಿತು. ಪೂರ್ತಿ ಹಣ ನಿನ್ನದೇ ಎಂದು ಯಜಮಾನ ತಾನಾಗಿಯೇ ಒಪ್ಪಿಕೊಂಡ ಹಾಗಲ್ಲವೇ ಅದು? ಬೆವರು ಯಾರದು, ಸಂಬಳ ಯಾರ ಕೈಗೆ ಎಂಬ ಲೆಕ್ಕ ದುಡಿಯುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1838ರ ಸೆಪ್ಟೆಂಬರ್ 3ರಂದು ಆತ ಓಡಿಹೋದ. ಮದುವೆಯಾಗಬೇಕಿದ್ದ ಹುಡುಗಿ ಆನಾ ಮರ್ರೆ ಸ್ವತಂತ್ರ ಕಪ್ಪು ಮಹಿಳೆ. ದಾರಿ ಖರ್ಚಿಗೆ ನೆರವಾದದ್ದು ಅವಳೇ. ನಾವಿಕನ ವೇಷ ತೊಟ್ಟು, ಸ್ನೇಹಿತನೊಬ್ಬನ ನಾವಿಕ ಪತ್ರವನ್ನು ಜೇಬಿನಲ್ಲಿಟ್ಟು, ರೈಲು ಹೊರಡುವ ಹೊತ್ತಿಗೆ ಹತ್ತಿಕೊಂಡ. ಪತ್ರದಲ್ಲಿದ್ದ ಚಹರೆಗೂ ಇವನಿಗೂ ಹೋಲಿಕೆ ಇಲ್ಲ! ಕಂಡಕ್ಟರ್ ಒಂದು ಗೆರೆ ಓದಿದ್ದರೂ ಕಥೆ ಮುಗಿಯುತ್ತಿತ್ತು. ಮೇಲಿದ್ದ ಅಮೆರಿಕದ ಹದ್ದಿನ ಚಿತ್ರ ನೋಡಿ ಆತ ಮುಂದೆ ಹೋದ. ದಾಖಲೆ ತಪಾಸಣೆ ಎಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಪರದೇಶದಲ್ಲಿ ಇರುವ ನಮಗೆ ಗೊತ್ತು. ಅವನಿಗಾದರೋ ಹೋಗುವುದು ಇಡೀ ಬದುಕೇ. ಒಂದು ದಿನದೊಳಗೆ ನ್ಯೂಯಾರ್ಕ್ ಸೇರಿದ.

1841ರಿಂದ ಗುಲಾಮಗಿರಿಯ ವಿರುದ್ಧ ಊರೂರು ಸುತ್ತಿ ಭಾಷಣ ಮಾಡತೊಡಗಿದ. ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದು ಸುಳ್ಳು ಎಂದು ಜನ ಅನುಮಾನಪಟ್ಟರು. 1845ರಲ್ಲಿ ಆತ್ಮಕಥೆ ಬರೆದು ಯಜಮಾನರ ಹೆಸರು, ಊರು ಎಲ್ಲ ಬಯಲಿಗಿಟ್ಟ. ಹಾಗೆ ಮಾಡಿದರೆ ಮತ್ತೆ ಹಿಡಿದೊಯ್ಯುವ ಅಪಾಯವಿತ್ತು. ಅದಕ್ಕೇ ಐರ್ಲೆಂಡ್, ಬ್ರಿಟನ್‌ಗೆ ಹೋಗಬೇಕಾಯಿತು. ಅಲ್ಲಿನ ಸ್ನೇಹಿತರು 150 ಪೌಂಡ್ ಕೂಡಿಸಿ ಅವನ ಬಿಡುಗಡೆ ಕೊಂಡರು. ಅಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ 1847ರಲ್ಲಿ ತಿರುಗಿ ಬಂದು ರೋಚೆಸ್ಟರ್‌ನಲ್ಲಿ ‘ನಾರ್ತ್ ಸ್ಟಾರ್’ ಪತ್ರಿಕೆ ಶುರು ಮಾಡಿದ.

1852ರ ಜುಲೈ 5. ಅದೇ ರೋಚೆಸ್ಟರ್‌ನ ಕೊರಿಂಥಿಯನ್ ಹಾಲ್‌ನಲ್ಲಿ ಸ್ವಾತಂತ್ರ್ಯ ದಿನದ ಭಾಷಣಕ್ಕೆ ಕರೆದಿದ್ದರು. ಮೊದಲು ದೇಶ ಕಟ್ಟಿದವರ ಧೈರ್ಯವನ್ನು ಮನಸಾರೆ ಹೊಗಳಿದ. ಆಮೇಲೆ ಈ ಹಬ್ಬ ನಿಮ್ಮದು, ಸಂಕೋಲೆಯಲ್ಲಿರುವವನಿಗೆ ಇದರಲ್ಲಿ ಏನಿದೆ ಎಂಬ ಅರ್ಥದಲ್ಲಿ ನೇರವಾಗಿ ಕೇಳಿದ. ಆದರೂ ಸಂವಿಧಾನವನ್ನು ಆತ ತಳ್ಳಿಹಾಕಲಿಲ್ಲ. ಅದು ಗುಲಾಮಗಿರಿಯ ಪರವಾದ ಪತ್ರ ಎನ್ನುತ್ತಿದ್ದ ತನ್ನ ಗುರುಸಮಾನ ಗ್ಯಾರಿಸನ್ ಜೊತೆಗೇ ಜಗಳವಾದರೂ ಸರಿ, ಅದು ಸ್ವಾತಂತ್ರ್ಯದ ಪತ್ರ, ಅದರಂತೆ ನಡೆಯಿರಿ ಎಂದು ವಾದಿಸಿದ. ದೇಶ ಕೊಟ್ಟ ಮಾತನ್ನೇ ಹಿಡಿದು ದೇಶವನ್ನು ಕೇಳುವ ದಾರಿ ಅದು.

ಅಂತರ್ಯುದ್ಧ ಬಂದಾಗ ಕಪ್ಪು ಯುವಕರನ್ನು ಸೈನ್ಯಕ್ಕೆ ಸೇರಿಸಿದ. ಇಬ್ಬರು ಗಂಡುಮಕ್ಕಳನ್ನೂ ಕಳಿಸಿದ. ಆದರೆ ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸೈನಿಕನಿಗೆ 10, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ! 1863ರ ಆಗಸ್ಟ್‌ನಲ್ಲಿ ಡಗ್ಲಾಸ್ ಸೀದಾ ಅಧ್ಯಕ್ಷ ಲಿಂಕನ್ ಎದುರು ಹೋಗಿ ಕುಳಿತು ಕೇಳಿದ. ಮರುವರ್ಷ ಕಾಂಗ್ರೆಸ್ ಸಂಬಳ ಸಮ ಮಾಡಿತು. 1865ರಲ್ಲಿ ಗುಲಾಮಗಿರಿಯೇ ರದ್ದಾಯಿತು.

ತನ್ನ ಜನರಿಗೆ ಬಿಡುಗಡೆ ಸಿಕ್ಕಿತೆಂದು ಆತ ಸುಮ್ಮನೆ ಕೂರಲಿಲ್ಲ. 1848ರಲ್ಲೇ ಸೆನೆಕಾ ಫಾಲ್ಸ್ ಸಭೆಯಲ್ಲಿ ಹೆಂಗಸರ ಮತದಾನದ ಹಕ್ಕಿಗೆ ದನಿಗೂಡಿಸಿದ್ದ. 1895ರ ಫೆಬ್ರವರಿ 20ರಂದು ವಾಷಿಂಗ್ಟನ್‌ನಲ್ಲಿ ಮಹಿಳೆಯರ ಹಕ್ಕಿನ ಸಭೆಗೆ ಹೋಗಿ ಮನೆಗೆ ಬಂದವನು ಅದೇ ದಿನ ಕುಸಿದು ತೀರಿಕೊಂಡ. ಕೊನೆಯ ದಿನದ ಓಡಾಟವೂ ಬೇರೆಯವರ ಹಕ್ಕಿಗಾಗಿಯೇ ಆಗಿತ್ತು.