ಪ್ರಸನ್ನಕುಮಾರ ಠಾಕೂರ್: ಮರಣಶಾಸನ ಮತ್ತು ಅದರ ಮಿತಿ

ಹತ್ತೊಂಬತ್ತನೆಯ ಶತಮಾನದ ಬಂಗಾಳದ ಸಾಂಸ್ಕೃತಿಕ ಚರಿತ್ರೆಯಲ್ಲಿ ಪ್ರಸನ್ನಕುಮಾರ ಠಾಕೂರರ (1801-1868) ಹೆಸರು ಎರಡು ನೆಲೆಗಳಲ್ಲಿ ಮುಖ್ಯವಾಗುತ್ತದೆ. ಸುಧಾರಣಾವಾದಿಯಾಗಿ, ನ್ಯಾಯವಾದಿಯಾಗಿ ಬದುಕಿದ್ದಾಗ ಗಳಿಸಿದ ಪ್ರಸಿದ್ಧಿ ಒಂದಾದರೆ, ಅವರ ಉಯಿಲು ನಿಧನಾನಂತರ ನ್ಯಾಯಾಲಯಗಳಲ್ಲಿ ಪಡೆದ ಪ್ರಸಿದ್ಧಿ ಇನ್ನೊಂದು. ಧರ್ಮಶಾಸ್ತ್ರವನ್ನು ಬಲ್ಲವರೊಬ್ಬರ ಮರಣಶಾಸನವೇ ಆ ಶಾಸ್ತ್ರದ ಒರೆಗಲ್ಲಿನಲ್ಲಿ ಪೂರ್ಣವಾಗಿ ನಿಲ್ಲದೆ ಹೋದದ್ದು ಅವರ ಜೀವನದ ದೊಡ್ಡ ವೈರುಧ್ಯ.

ರವೀಂದ್ರನಾಥರು ಹುಟ್ಟಿದ ಜೋಡಾಸಾಂಕೋ ಶಾಖೆಗಿಂತ ಭಿನ್ನವಾದ ಪಾಥುರಿಯಾಘಾಟ ಶಾಖೆಗೆ ಪ್ರಸನ್ನಕುಮಾರರು ಸೇರಿದವರು. ತಂದೆ ಗೋಪೀಮೋಹನರು 1817ರಲ್ಲಿ ಆರಂಭವಾದ ಹಿಂದೂ ಕಾಲೇಜಿನ ಸ್ಥಾಪಕರಲ್ಲಿ ಒಬ್ಬರು. ರಾಜಾ ರಾಮಮೋಹನರಾಯರ ವಿಚಾರಗಳಿಂದ ಪ್ರಭಾವಿತರಾದ ಪ್ರಸನ್ನಕುಮಾರರು 'ರಿಫಾರ್ಮರ್' ಪತ್ರಿಕೆಯನ್ನು ನಡೆಸಿದರು. 1831ರಲ್ಲಿ ಅವರು ಸ್ಥಾಪಿಸಿದ ಹಿಂದೂ ಥಿಯೇಟರಿನಲ್ಲಿ ಭವಭೂತಿಯ ಉತ್ತರರಾಮಚರಿತದ ಇಂಗ್ಲಿಷ್ ಅನುವಾದವನ್ನು ಅಭಿನಯಿಸಲಾಯಿತು. ಶ್ರೀಮಂತ ಜಮೀನುದಾರರಾಗಿದ್ದರೂ ಅವರು ವಕೀಲಿವೃತ್ತಿಯನ್ನು ಕೈಗೊಂಡು ಸರ್ಕಾರಿ ವಕೀಲರಾಗಿ ಹೆಸರು ಮಾಡಿದರು. ಮಿಥಿಲೆಯ ವಾಚಸ್ಪತಿಮಿಶ್ರನ ವಿವಾದಚಿಂತಾಮಣಿಯನ್ನು ಇಂಗ್ಲಿಷಿಗೆ ಅನುವಾದಿಸಿ 1863ರಲ್ಲಿ ಪ್ರಕಟಿಸಿದ್ದು ಅವರ ಪಾಂಡಿತ್ಯಕ್ಕೆ ಸಾಕ್ಷಿ.

ಅವರ ಮಗ ಜ್ಞಾನೇಂದ್ರಮೋಹನರು 1851ರಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು; ಕ್ರೈಸ್ತ ಪಾದ್ರಿಯೂ ವಿದ್ವಾಂಸರೂ ಆಗಿದ್ದ ಕೃಷ್ಣಮೋಹನ ಬ್ಯಾನರ್ಜಿಯವರ ಮಗಳು ಕಮಲಮಣಿಯನ್ನು ವಿವಾಹವಾದರು. ಮುಂದೆ ಇಂಗ್ಲೆಂಡಿಗೆ ಹೋಗಿ, 1862ರಲ್ಲಿ ಬ್ಯಾರಿಸ್ಟರ್ ಪದವಿ ಪಡೆದ ಮೊದಲ ಭಾರತೀಯರಾದರು. ಸತಿಪದ್ಧತಿಯ ನಿಷೇಧವನ್ನು ಬೆಂಬಲಿಸಿದ್ದ ತಂದೆಗೆ ಮಗನ ಮತಾಂತರವನ್ನು ಒಪ್ಪುವುದು ಸಾಧ್ಯವಾಗಲಿಲ್ಲ. ಆದರೆ 1850ರ ಕಾಯಿದೆಯು ಮತಾಂತರದಿಂದ ವಾರಸುಹಕ್ಕು ನಷ್ಟವಾಗದಂತೆ ಮಾಡಿತ್ತು. ಆದ್ದರಿಂದ ಮಗನನ್ನು ಹೊರಗಿಡಲು ಪ್ರಸನ್ನಕುಮಾರರಿಗೆ ಉಳಿದಿದ್ದ ಮಾರ್ಗ ಮರಣಶಾಸನವೊಂದೇ.

ಇಲ್ಲಿ ಬಂಗಾಳದ ದಾಯಭಾಗ ಪದ್ಧತಿಯನ್ನು ಗಮನಿಸಬೇಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಜೀಮೂತವಾಹನನ ದಾಯಭಾಗದಲ್ಲಿಯಾದರೋ ತಂದೆಯ ಮರಣದ ನಂತರವೇ ಆ ಹಕ್ಕು ಹುಟ್ಟುತ್ತದೆ. ಮಿತಾಕ್ಷರದ ನಾಡಿನಲ್ಲಿ ಅಸಾಧ್ಯವಾಗುತ್ತಿದ್ದುದು ಪ್ರಸನ್ನಕುಮಾರರಿಗೆ ಸಾಧ್ಯವಾದದ್ದು ಹೀಗೆ. 1862ರ ಉಯಿಲಿನಲ್ಲಿ ಅವರು ಮಗನಿಗೆ ಏನನ್ನೂ ಬಿಡಲಿಲ್ಲ. ಆಸ್ತಿಯನ್ನು ಧರ್ಮದರ್ಶಿಗಳಿಗೆ ವಹಿಸಿ, ಅದರ ಅನುಭೋಗವನ್ನು ಸಹೋದರಪುತ್ರ ಜತೀಂದ್ರಮೋಹನರಿಗೆ ಜೀವಿತಾವಧಿಯವರೆಗೆ ಕೊಟ್ಟರು. ಅನಂತರ ಹೆಣ್ಣುಸಂತತಿಯನ್ನು ಹೊರಗಿಟ್ಟು, ಇನ್ನೂ ಹುಟ್ಟದ ಗಂಡುಸಂತತಿಗೆ ಅದು ಪರಂಪರೆಯಾಗಿ ಸಲ್ಲಬೇಕೆಂದು ವಿಧಿಸಿದರು. ಈ ವ್ಯವಸ್ಥೆಯ ಮಾದರಿ ಧರ್ಮಶಾಸ್ತ್ರದಲ್ಲಿರಲಿಲ್ಲ. ಇಂಗ್ಲೆಂಡಿನ ಭೂಮಾಲೀಕ ವಂಶಗಳ ಕಾನೂನಿನಲ್ಲಿತ್ತು.

1868ರ ಆಗಸ್ಟ್ 30ರಂದು ಪ್ರಸನ್ನಕುಮಾರರು ತೀರಿಕೊಂಡರು. ಮಗ ಉಯಿಲನ್ನು ಪ್ರಶ್ನಿಸಿದರು. ಕಲ್ಕತ್ತಾ ಹೈಕೋರ್ಟಿನ ಎರಡು ಹಂತಗಳನ್ನು ದಾಟಿ ವ್ಯಾಜ್ಯವು ಪ್ರಿವಿ ಕೌನ್ಸಿಲನ್ನು ಮುಟ್ಟಿತು. 1872ರಲ್ಲಿ ನ್ಯಾಯಮೂರ್ತಿ ವಿಲ್ಸ್ ಅವರು ತೀರ್ಪನ್ನು ಓದಿದರು. ಮಗನಿಗೆ ಆಸ್ತಿಯನ್ನು ನಿರಾಕರಿಸುವ ಅಧಿಕಾರ ತಂದೆಗಿತ್ತೆಂಬುದನ್ನು, ಜತೀಂದ್ರಮೋಹನರ ಜೀವಿತಾವಧಿಯ ಹಕ್ಕನ್ನು ತೀರ್ಪು ಮಾನ್ಯಮಾಡಿತು. ಆದರೆ ದಾನವನ್ನು ಸ್ವೀಕರಿಸುವವನು ಇರಲೇಬೇಕೆಂಬ ಶಾಸ್ತ್ರದ ನಿಯಮ ಉಯಿಲಿಗೂ ಅನ್ವಯಿಸುವುದರಿಂದ, ಬರೆದವನ ಮರಣಕಾಲದಲ್ಲಿ ವಾಸ್ತವವಾಗಿಯಾಗಲಿ ಗರ್ಭಸ್ಥ ಶಿಶುವಾಗಿಯಾಗಲಿ ಇರದವನಿಗೆ ಆಸ್ತಿ ಸಲ್ಲದೆಂದು ನಿರ್ಣಯಿಸಿತು. ನೇರವಾಗಿ ಕೊಡಲಾಗದ್ದನ್ನು ಟ್ರಸ್ಟಿನ ಮೂಲಕವೂ ಕೊಡಲಾಗದು. ಹಿಂದೂ ಕಾನೂನು ಅರಿಯದ ಹೊಸ ವಾರಸುಕ್ರಮವನ್ನು ಖಾಸಗಿ ವ್ಯಕ್ತಿ ಸೃಷ್ಟಿಸಲಾಗದು. ಆದ್ದರಿಂದ ಜತೀಂದ್ರಮೋಹನರ ಅನಂತರ ಆಸ್ತಿಯು ಸಹಜ ವಾರಸುದಾರನಾದ ಜ್ಞಾನೇಂದ್ರಮೋಹನರಿಗೇ ಸೇರತಕ್ಕದ್ದಾಯಿತು.

ಈ ಗೆಲುವಿನ ಫಲವನ್ನು ಮಗ ಕಾಣಲಿಲ್ಲ. ಜ್ಞಾನೇಂದ್ರಮೋಹನರು 1890ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಜತೀಂದ್ರಮೋಹನರು ಬದುಕಿದ್ದು 1908ರವರೆಗೆ. ತಂದೆಯ ಸಂಕಲ್ಪ ಕಾನೂನಿನಲ್ಲಿ ಸೋತರೂ, ಆಸ್ತಿ ಮಗನ ಕೈಸೇರಬಾರದೆಂಬ ಅದರ ಒಂದು ಅಂಶವನ್ನು ಕಾಲವೇ ನೆರವೇರಿಸಿದಂತಾಯಿತು. ಹುಟ್ಟದವರಿಗೆ ಮಿತಿಗೊಳಪಟ್ಟು ಆಸ್ತಿ ಕೊಡುವ ಅವಕಾಶವನ್ನು ಮುಂದೆ 1916ರ ಹಿಂದೂ ಆಸ್ತಿ ವಿಲೇವಾರಿ ಕಾಯಿದೆ ಕಲ್ಪಿಸಿತು.

ಅದೇ ಉಯಿಲಿನಲ್ಲಿ ಪ್ರಸನ್ನಕುಮಾರರು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಮೂರು ಲಕ್ಷ ರೂಪಾಯಿಗಳನ್ನು ಬಿಟ್ಟಿದ್ದರು. ಅದರಿಂದ ಆರಂಭವಾದ ಟಾಗೋರ್ ಕಾನೂನು ಉಪನ್ಯಾಸಮಾಲೆಯ ಮೊದಲ ಉಪನ್ಯಾಸಗಳನ್ನು 1870ರಲ್ಲಿ ಹರ್ಬರ್ಟ್ ಕೊವೆಲ್ ಹಿಂದೂ ಕಾನೂನನ್ನು ಕುರಿತೇ ನೀಡಿದರು. ವಂಶವನ್ನು ಮುಂದಿನ ತಲೆಮಾರುಗಳವರೆಗೆ ಬಿಗಿಯಹೊರಟ ಭಾಗ ಬಿದ್ದುಹೋಯಿತು. ತಾವು ಕಾಣದ ವಿದ್ಯಾರ್ಥಿಗಳಿಗೆ ಸಂಸ್ಥೆಯೊಂದರ ಮೂಲಕ ಕೊಟ್ಟದ್ದು ನಿಂತಿತು. ಪ್ರಸನ್ನಕುಮಾರರ ಜೀವನವನ್ನು ಅರಿಯಲು ಉಯಿಲಿನ ಈ ಎರಡು ಭಾಗಗಳನ್ನೂ ಒಟ್ಟಿಗೆ ಓದಬೇಕಾಗುತ್ತದೆ.